ನಾನೇ ಬಿಟ್ಟೆ ಅನ್ನುವವರು

ನಮ್ಮ ತಾಲ್ಲೂಕಿನಲ್ಲಿ ಇವತ್ತಿನವರೆಗೆ ಯಾರನ್ನೂ ಕೆಲಸದಿಂದ ತೆಗೆದಿಲ್ಲ. ನಂಬಿಕೆ ಬರದಿದ್ದರೆ ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೇಳಿ. ಹಾಸಿಗೆ ಸುತ್ತಿಕೊಂಡು ಬೆಂಗಳೂರು ಬಸ್ಸಿನಿಂದ ಇಳಿದವನು "ನಾನೇ ಬಿಟ್ಬುಟ್ಟೆ ಕಣಣ್ಣ, ಅಲ್ಲಿ ನೀರು ಒಗ್ಗಲಿಲ್ಲ" ಅನ್ನುತ್ತಾನೆ. ಕತ್ತು ಹಿಡಿದು ಆಚೆ ದಬ್ಬಿಸಿಕೊಂಡವನು "ಓನರ್ ಸರಿ ಇರ್ಲಿಲ್ಲ, ಮಕದ ಮೇಲೆ ಎಸ್ದು ಬಂದೆ" ಅನ್ನುತ್ತಾನೆ. ನಾವು ಕೆಲಸ ಬಿಡುತ್ತೇವೆ. ಕೆಲಸ ನಮ್ಮನ್ನು ಬಿಡುವ ಪದ್ಧತಿ ನಮ್ಮ ಕಡೆ ಇಲ್ಲ. ತೆಗೆದರು ಅಂತ ಬಾಯಿಬಿಟ್ಟರೆ ಹೆಣ್ಣು ಕೊಡುವವರು ಹಿಂದಕ್ಕೆ ಹೋಗುತ್ತಾರೆ, ಸಾಲ ಕೊಟ್ಟವರು ಮುಂದಕ್ಕೆ ಬರುತ್ತಾರೆ. ಅದಕ್ಕೇ ಇಲ್ಲಿ ನಿರುದ್ಯೋಗಿಗಳೇ ಇಲ್ಲ. ಎಲ್ಲರೂ ಸಿಂಹಾಸನ ತ್ಯಾಗ ಮಾಡಿ ಬಂದ ಮಹಾರಾಜರು.

ನಾನೂ ತ್ಯಾಗ ಮಾಡಿದವನೇ. ಹಾಸನದ ಹೊರಗಿನ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕೆಲವು ವರ್ಷ ಇದ್ದೆ. ಹೊಲಿದು ಬಂದ ಶರ್ಟನ್ನು ತಿರುಗಿಸಿ ಮುರುಗಿಸಿ ನೋಡಿ, ತಪ್ಪು ಹೊಲಿಗೆ ಇದ್ದರೆ ವಾಪಸ್ ಎಸೆಯುವುದು ಸಂಬಳದ ಕೆಲಸ. ಊಟದ ಬಿಡುವಿನಲ್ಲಿ ಎಲ್ಲರ ದನಿ ಕದ್ದು ಅವರ ಮುಂದೆಯೇ ಆಡಿ ತೋರಿಸುವುದು ನನ್ನ ಸ್ವಂತ ಕೆಲಸ. ಮ್ಯಾನೇಜರ್ ಸುಳ್ಳು ಹೇಳುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅದನ್ನು ಅವನಿಗಿಂತ ಚೆನ್ನಾಗಿ ಮಾಡುತ್ತಿದ್ದೆ. ನನ್ನ ಮಿಮಿಕ್ರಿಯನ್ನು ನಾನೇ ಮಾಡುವುದು ಇನ್ನೂ ಸುಲಭ. ಮೂಗಿನಲ್ಲಿ ಮಾತಾಡಬೇಕು, ಬೈಸಿಕೊಂಡಾಗ ಹೀಹೀ ಅನ್ನಬೇಕು, ಅಷ್ಟೇ.

ಈ ಕಲೆಯನ್ನು ದ್ವೇಷಿಸುತ್ತಿದ್ದವಳು ಒಬ್ಬಳೇ. ಕಾಲರ್ ಹೊಲಿಯುವ ಸಾಲಿನ ಮೊದಲ ಮಿಷನ್ನಿನಲ್ಲಿ ಕೂರುತ್ತಿದ್ದ ಅರಕಲಗೂಡು ಕಡೆಯ ಹೆಂಗಸು. ಗಂಡ ಇಲ್ಲ, ಹೊಲ ಇಲ್ಲ, ಚನ್ನರಾಯಪಟ್ಟಣದಲ್ಲಿ ಬಾಡಿಗೆ ಮನೆ, ಓದುವ ಇಬ್ಬರು ಮಕ್ಕಳು. ಎಲ್ಲರೂ ಅವಳನ್ನು ಕಾಲರ್ ಅಕ್ಕ ಅನ್ನುತ್ತಿದ್ದರು. ಶರ್ಟಿನಲ್ಲಿ ಅತಿ ಕಷ್ಟದ ಹೊಲಿಗೆ ಕಾಲರಿನದು, ಹಾಗಾಗಿ ಆ ಸಾಲಿಗೆ ಸ್ವಲ್ಪ ಕೊಬ್ಬು ಇತ್ತು; ಇವಳಿಗೆ ಆ ಸಾಲಿನವರದ್ದೆಲ್ಲ ಸೇರಿಸಿ ಇತ್ತು. ಒಮ್ಮೆ ಅವಳ ಬೈಗುಳವನ್ನೇ ಅವಳ ದನಿಯಲ್ಲಿ ಅವಳಿಗೇ ಹಿಂತಿರುಗಿಸಿದೆ. ನೇರವಾಗಿ ಹೋಗಿ ಸೂಪರ್‌ವೈಸರಿಗೆ ದೂರು ಕೊಟ್ಟಳು. ಅವತ್ತಿನಿಂದ ನಾನು ಅವಳ ಕಾಲರ್ ಎಲ್ಲ ಸೊಟ್ಟ ಅಂತ ವಾಪಸ್ ಕಳಿಸುತ್ತಿದ್ದೆ. ಅವಳು ನೆಟ್ಟಗಿದೆ ಅಂತ ನನ್ನ ಮೇಜಿನ ಮೇಲೆ ಎಸೆಯುತ್ತಿದ್ದಳು. ನಮ್ಮ ಸಂಬಂಧ ಅಷ್ಟು ಚೆನ್ನಾಗಿತ್ತು.

ಒಂದು ಶನಿವಾರ ಮಧ್ಯಾಹ್ನ ಮಿಷನ್‌ಗಳನ್ನೆಲ್ಲ ಆರಿಸಿ ಮ್ಯಾನೇಜರ್ ನಮ್ಮನ್ನು ಕರೆದು ನಿಲ್ಲಿಸಿದ. ಗಂಟಲು ಸರಿಮಾಡಿಕೊಂಡ.

"ಆರ್ಡರ್ ಇಲ್ಲ. ಸೋಮವಾರದಿಂದ ಈ ಲೈನ್ ಇರೋದಿಲ್ಲ. ಆದರೆ ನಿಮ್ಮ ಮರ್ಯಾದೆ ನಮಗೆ ದೊಡ್ಡದು. ನಿಮ್ಮನ್ನ ತೆಗೆದ್ವಿ ಅಂತ ನಾವು ಬರೆಯೋದಿಲ್ಲ. ನೀವಾಗೇ ಬಿಟ್ರಿ ಅಂತ ಬರ್ಕೊಟ್ಟು ಗೌರವವಾಗಿ ಹೋಗಿ."

ನಮ್ಮ ಊರಿನ ದೇವರು ದಿಂಡರಿಗೂ ನಮ್ಮ ಮನಸ್ಸು ಇಷ್ಟು ಚೆನ್ನಾಗಿ ಗೊತ್ತಿರಲಿಲ್ಲ. ಹೊರಗಿನಿಂದ ಬಂದ ಈ ಆಸಾಮಿ ಹೇಗೆ ಕಂಡುಹಿಡಿದನೋ! ನಮ್ಮ ಮುಖದ ಮೇಲೆ ಒಂದು ಬೆಳಕು ಬಂತು. ಕೆಲಸ ಹೋಯಿತು, ಮಾನ ಉಳಿಯಿತು. ಸಾಲಾಗಿ ನಿಂತು, ಸನ್ಮಾನದ ಶಾಲು ಹೊದಿಸಿಕೊಳ್ಳುವವರ ಹಾಗೆ ಒಬ್ಬೊಬ್ಬರೇ ಸಹಿ ಹಾಕಿದೆವು. ನನ್ನ ಸಹಿಯ ಕೆಳಗೆ ಎರಡು ಗೆರೆ ಎಳೆದೆ, ಚೆಂದ ಕಾಣಲಿ ಅಂತ.

ಕಾಲರ್ ಅಕ್ಕ ಮಾತ್ರ ಕೈಕಟ್ಟಿ ನಿಂತಿದ್ದಳು. "ನಾನ್ಯಾಕ್ ಬಿಡ್ಲಿ ಸಾ? ನನ್ ಮಿಷನ್ ಈಗಿನ್ನೂ ಬಿಸಿ ಐತೆ. ತಗೀತಾ ಇರೋರು ನೀವು, ಬೇಕಾದ್ರೆ ನೀವೇ ಬರ್ಕಳಿ."

ಅವಳ ಸಾಲಿನವರೂ ಸಹಿ ಹಾಕಲಿಲ್ಲ. ಅದೇನು ಧೈರ್ಯವಲ್ಲ. ಮ್ಯಾನೇಜರ್ ಸೋಮವಾರದಿಂದ ಸಿಗುವವನಲ್ಲ, ಇವಳು ಬೀದಿಯಲ್ಲಿ ದಿನಾ ಸಿಗುವವಳು. ನಾವೆಲ್ಲ ನಕ್ಕೆವು. ವ್ಯಾನಿನಲ್ಲಿ ಊರಿಗೆ ಬರುವಾಗ ಆ ಸಾಲಿನವರಿಗೆ 'ತೆಗೆಸಿಕೊಂಡೋರು' ಅಂತ ಹೆಸರಿಟ್ಟದ್ದೂ ಆಯಿತು.

ನಮ್ಮ ಅವ್ವ ಕೇರಿಗೆಲ್ಲ "ನಮ್ ಹೈದ ಬಿಟ್ಬುಟ್ಟು ಬಂದವ್ನೆ, ಅವರೇ ಬೇಡ ಬೇಡ ಅಂತ ಕೈ ಹಿಡ್ಕಂಡ್ರಂತೆ" ಅಂತ ಹೇಳಿಕೊಂಡು ಬಂದಳು. ಕೈ ಹಿಡಿದುಕೊಂಡ ಭಾಗ ಅವಳ ಸ್ವಂತ ರಚನೆ. ಪ್ರತಿಭೆ ಎಲ್ಲಿಂದ ಬಂತು ಅಂತ ನನಗೆ ಆಗ ಗೊತ್ತಾಯಿತು.

ಇದರಿಂದ ನಿಜವಾಗಿ ಸಂತೋಷಪಟ್ಟವನು ನನ್ನ ಸೋದರಮಾವ. ಹಿರೀಸಾವೆ ಕಡೆ ಹೈವೇ ಪಕ್ಕದಲ್ಲಿ ಅವನದೊಂದು ನಾರಿನ ಶೆಡ್ಡು. ತೆಂಗಿನ ಸಿಪ್ಪೆಯನ್ನು ಮಿಷನ್ನಿಗೆ ಕೊಟ್ಟು ನಾರು ತೆಗೆದು, ಅಂಗಳದಲ್ಲಿ ಹರಡಿ ಒಣಗಿಸಿ, ಕಟ್ಟು ಕಟ್ಟಿ ಕಳಿಸುವುದು. ದೂಳಿಗೆ ಹೆದರಿ ಜನ ಬರುತ್ತಿರಲಿಲ್ಲ. ನಮ್ಮ ಲೈನು ಮುಚ್ಚಿದ ವಾರವೇ ಅವನ ಗೇಟಿನ ಮುಂದೆ ಚಪ್ಪಲಿಗಳ ಜಾತ್ರೆ. ಜನ ಹೆಚ್ಚಾದರು ಅಂತ ಮಾವ ಕೂಲಿ ಇಳಿಸಿದ. ನಾನೂ ಹೋಗಿ ಸೇರಿದೆ. ಸೋದರಳಿಯ ಅಂತ ನನಗೆ ವಿಶೇಷ ಏನಿಲ್ಲ. ಬೈಗುಳ ಮಾತ್ರ ಸ್ವಲ್ಪ ಹತ್ತಿರದ ಸಂಬಂಧದ್ದು.

ಒಂದು ಬೆಳಿಗ್ಗೆ ಮಾವನ ಜಗಲಿಯಲ್ಲಿ ಇನ್ಶೂರೆನ್ಸ್ ಏಜೆಂಟ್ ಕೂತಿದ್ದ. ಟ್ರಾಕ್ಟರಿನ ವಿಮೆ ಮುಂದುವರಿಸಲು ಬಂದವನು. ನಾನು ಕಾಫಿ ತಂದಿಟ್ಟು ಕೇಳಿದೆ:

"ಸಾ, ನಂದೊಂದು ಡೌಟು. ಟ್ರಾಕ್ಟರ್ ಕೆಟ್ರೆ ದುಡ್ಡು ಕೊಡ್ತೀರ. ನಾನು ಕೆಲಸ ಕಳ್ಕಂಡ್ರೆ ಕೊಡೋ ಅಂಥದ್ದು ಒಂದು ಪಾಲಿಸಿ ಮಾಡ್ಸಿ ಕೊಡಿ."

ಏಜೆಂಟ್ ನಕ್ಕು ಬಿಸ್ಕತ್ತು ಅದ್ದಿದ. "ಲೇ, ಅದನ್ನ ಮಾಡಿಸ್ಕೊಳೋಕೆ ಮೊದಲು ಬರೋನು ಯಾರು ಹೇಳು? ನಾಳೆ ಕೆಲಸ ಹೋಗ್ತದೆ ಅಂತ ಇವತ್ತೇ ವಾಸನೆ ಹಿಡ್ದಿರೋನು. ನಿನ್ನಂಥೋನು. ಗಟ್ಟಿ ಕೆಲಸದಲ್ಲಿರೋನು ನಮ್ ಕಡೆ ತಿರುಗಿ ನೋಡ್ತಾನಾ? ಇನ್ನೊಂದು ಏನಪ್ಪ ಅಂದ್ರೆ, ತಾಲ್ಲೂಕಿನ ಟ್ರಾಕ್ಟರೆಲ್ಲ ಒಂದೇ ದಿನ ಹಳ್ಳಕ್ಕೆ ಬೀಳಲ್ಲ. ಒಂದು ಬಿದ್ರೆ ಉಳಿದವರ ಕಂತಿನಲ್ಲಿ ಎತ್ತಿ ನಿಲ್ಲಿಸ್ತೀವಿ. ನೀವು ಹಂಗಲ್ಲ. ಫ್ಯಾಕ್ಟರಿ ಮುಚ್ತು ಅಂದ್ರೆ ಅಷ್ಟೂ ಜನ ಒಟ್ಟಿಗೆ ಬಂದು ಕೌಂಟರ್ ಮುಂದೆ ನಿಲ್ತೀರ. ನಮ್ ಕಂಪನಿ ಬಾಗಿಲು ಹಾಕ್ಕಂಡು ಅದೂ 'ನಾನೇ ಬಿಟ್ಟೆ' ಅನ್ಬೇಕಾಗ್ತದೆ. ಅಂಥದ್ದೆಲ್ಲ ಸರ್ಕಾರವೇ ಮಾಡ್ಬೇಕು, ಕೆಲಸ ಗಟ್ಟಿ ಇರೋರು ಇಲ್ದೋರು ಎಲ್ಲರ ಹತ್ರಾನೂ ಕಂತು ಹಿಡಿದು."

"ಸರ್ಕಾರ ಯಾಕ್ ಮಾಡ್ಬೇಕು?" ಮಾವ ಎಲೆಅಡಿಕೆ ಉಗಿದು ಬಂದ. "ಕೂತ್ಕಂಡು ಉಣ್ಣಾಕೆ ದುಡ್ ಕೊಟ್ರೆ ಯಾವನ್ಲಾ ಮೈ ಬಗ್ಗುಸ್ತಾನೆ? ಸೋಮಾರಿ ಸಾಕೋ ಸ್ಕೀಮು ಅದು."

"ನಿಮ್ ಟ್ರಾಕ್ಟರ್‌ಗೆ ವಿಮೆ ಐತಲ್ಲ ಮಾವ, ಅದೇನು ಸೋಮಾರಿ ಆಯ್ತಾ?"

"ಟ್ರಾಕ್ಟರ್ ಆಗ್ಲಿಲ್ಲ," ಅಂದ ಏಜೆಂಟ್ ತಣ್ಣಗೆ, "ಯಜಮಾನ್ರು ಆದ್ರು. ವಿಮೆ ಐತೆ ಅಂತ ಲೈಸೆನ್ಸ್ ಇಲ್ಲದ ಬಾಮೈದನ ಕೈಗೆ ಕೊಟ್ಟು ಹೋದ್ ಸಲ ಮೋರಿಗೆ ಇಳಿಸಿದ್ರಲ್ಲ."

ಮಾವನಿಗೆ ಆ ಮಾತು ಕೇಳಿಸಲೇ ಇಲ್ಲ. ಅವನ ಕಿವಿಗೆ ಆ ಸೌಕರ್ಯ ಇದೆ. "ನಮ್ ಕಾಲ್ದಲ್ಲಿ ಮುಯ್ಯಾಳು ಅಂತಿತ್ತು. ಇವತ್ತು ನಿನ್ ಹೊಲಕ್ಕೆ ನಾನು, ನಾಳೆ ನನ್ ಹೊಲಕ್ಕೆ ನೀನು. ಒಬ್ರಿಗೊಬ್ರು ಆಗ್ತಿದ್ವಿ. ಸರ್ಕಾರದ ಮುಂದೆ ಕೈ ಒಡ್ಡಿದ್ವಾ?"

"ಮುಯ್ಯಾಳಿಗೆ ಕರೆಯೋಕೆ ಹೊಲ ಇರ್ಬೇಕು ಮಾವ. ಹೊಲವೇ ಇಲ್ದೋರು ಎಲ್ಲಿಗೆ ಕರೀಬೇಕು? ಬಾಡಿಗೆ ಮನೆ ಹಜಾರ ಉಳೋಕಾ?"

"ಬಾಯಿ ಜಾಸ್ತಿ ಆಯ್ತು ನಿಂದು. ಓಗು, ಸಿಪ್ಪೆ ಲಾರಿ ಬಂದೈತೆ."

ಹೋದೆ. ಆದರೆ ಅವತ್ತು ಸಿಪ್ಪೆ ಹೊರುವಾಗ ಒಂದು ವಿಷಯ ತಲೆಗೆ ಹತ್ತಿತು. ಮಾವನಿಗೆ ಸೋಮಾರಿಗಳ ಭಯ ಇಲ್ಲ. ಅವನ ಭಯ, ಒಳ್ಳೆ ಕೂಲಿ ಸಿಗುವ ತನಕ ಕಾಯಲು ಶಕ್ತಿ ಇರುವವರದ್ದು. ಮನೆಯಲ್ಲಿ ಒಂದಿಷ್ಟು ದಿನಕ್ಕೆ ಅಕ್ಕಿ ಇದ್ದವನು ಗೇಟಿನ ಮುಂದೆ ನಿಂತು "ಎಷ್ಟು ಕೂಲಿ?" ಅಂತ ಕೇಳುತ್ತಾನೆ, ಇಲ್ಲದವನು ಚಪ್ಪಲಿ ಬಿಟ್ಟು ನೇರ ಒಳಗೆ ಬರುತ್ತಾನೆ. ಮಾವನಿಗೆ ಎರಡನೆಯವನೇ ಬೇಕು.

ಅದೇ ವಾರ ಕಾಲರ್ ಅಕ್ಕ ನಮ್ಮ ಮನೆ ಬಾಗಿಲಿಗೆ ಬಂದಳು. ಸೊಂಟ ನೋವಿಗೆ ಕಾರ್ಮಿಕರ ಆಸ್ಪತ್ರೆಗೆ ಹೋಗಿದ್ದಳಂತೆ. ಪ್ರತಿ ತಿಂಗಳೂ ಸಂಬಳದಲ್ಲಿ ಸ್ವಲ್ಪ ಹಿಡಿದುಕೊಂಡು ನಮಗೆ ಒಂದು ವಿಮೆ ಕಾರ್ಡು ಕೊಟ್ಟಿದ್ದರು. ಜ್ವರಕ್ಕೆ ಮಾತ್ರೆ ಕೊಡುವ ಕಾರ್ಡು ಅಂತಲೇ ನಾವು ತಿಳಿದಿದ್ದು. ಅಲ್ಲಿನ ನರ್ಸಮ್ಮ ಹೇಳಿದ್ದು ಬೇರೆ. ಕೆಲಸದಿಂದ ತೆಗೆದರೆ ಅದೇ ವಿಮೆಯಿಂದ ಕೆಲವು ತಿಂಗಳು ಸಂಬಳದಲ್ಲಿ ಒಂದು ಪಾಲು ಬರುತ್ತದೆ. ತಾವಾಗಿ ಬಿಟ್ಟವರಿಗೆ ಇಲ್ಲ.

ನನಗೆ ನೆನಪಾದದ್ದು ಎರಡೇ. ನನ್ನ ಸಹಿ, ಅದರ ಕೆಳಗಿನ ಎರಡು ಗೆರೆ.

"ವಿಮೆ ಆಫೀಸ್ನಾಗೆ ನೋಡಿದ್ರೆ ನಮ್ ಸಾಲಿನವರದ್ದೂ ತಾವಾಗೇ ಬಿಟ್ರು ಅಂತ ಹಾಕವ್ನೆ ಆ ಮ್ಯಾನೇಜರ್ ಬಡ್ಡೀಮಗ," ಅಂದಳು. "ಲೈನ್ ಮುಚ್ಚುದ್ದು ನಿಜ ಅಂತ ಜೊತೇಲಿದ್ದೋರು ಯಾರಾದ್ರೂ ಬಂದು ಏಳ್ಬೇಕಂತೆ. ಎಲ್ರನ್ನೂ ಕೇಳ್ದೆ. ಒಬ್ಬೊಬ್ರಿಗೂ ಮಾನ ಓಯ್ತದಂತೆ. ನಿಂಗೆ ಅದು ಇಲ್ವಲ್ಲ, ಅದ್ಕೇ ಬಂದೆ."

"ನಾನ್ಯಾಕ್ ಬರ್ಲಿ? ನನಗೇನು ಸಿಗ್ತದೆ?"

"ಏನೂ ಸಿಗಲ್ಲ. ಓಳೆನರಸೀಪುರದ ಕಡೆ ಒಸ ಗಾರ್ಮೆಂಟ್ಸ್ ಆಯ್ತೈತೆ, ಕಾಲರ್ ಒಲಿಯೋರು ಬೇಕಂತೆ. ಆದ್ರೆ ಶುರುವಾಗಾಕೆ ಇನ್ನೂ ಎರಡ್ಮೂರು ತಿಂಗಳು. ಅಲ್ಲೀ ಗಂಟ ಮಕ್ಳಿಗೆ ಏನ್ ಆಕ್ಲಿ? ನಿಮ್ ಮಾವನ ಶೆಡ್ಡಿಗೆ ಬಂದ್ರೆ ಆ ನಾರು ಈ ಕೈನ ಗರಗಸ ಮಾಡ್ಬುಡ್ತದೆ. ಆಮೇಲೆ ಬಟ್ಟೆ ಮುಟ್ಟಿದ್ರೆ ದಾರ ಎದ್ ಬತ್ತದೆ. ಅಲ್ಲಿ ಟೆಸ್ಟ್‌ನಾಗೆ ನಿಲ್ತೀನಾ ನಾನು?" ಆಮೇಲೆ ಬೇಕಂತಲೇ ದನಿ ಎತ್ತಿದಳು. "ಬರ್ತೀಯೋ, ಇಲ್ಲ ನಿಮ್ಮವ್ವಂಗೆ ಏಳ್ಲೋ? ಅವ್ವಾ, ನಿಮ್ ಐದನ್ನ..."

ಅವ್ವ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ಬರ್ತೀನಿ ಅಂದೆ. ಪುಣ್ಯ ಬರಲಿ ಅಂತಲ್ಲ. ಆ ಸಾಲಿನವರು ಯಾವಾಗ ಬಂದು ಸೇರುತ್ತಾರೆ ಅಂತ ಮಾವ ದಿನಾ ಕೇಳುತ್ತಿದ್ದ. ಅವರು ಬರದಿದ್ದರೆ ಅವನ ಮುಖ ಹೇಗಾಗುತ್ತದೆ ಅಂತ ನೋಡುವ ಆಸೆ ಇತ್ತು.

ಹಾಸನಕ್ಕೆ ಒಂದೇ ಬಸ್ಸಿನಲ್ಲಿ ಹೋದೆವು, ಬೇರೆ ಬೇರೆ ಸೀಟಿನಲ್ಲಿ. ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ ನಿಂತಾಗ ಕಿಟಕಿಯಿಂದ ನೋಡಿದೆ. ಗೇಟಿನ ಎದುರು ಇಡ್ಲಿ ಹೋಟೆಲ್ ಇಟ್ಟವನು ಬೆಂಚುಗಳನ್ನು ಮೇಲೆತ್ತಿ ಗೋಡೆಗೆ ಒರಗಿಸಿದ್ದ. ನಮ್ಮ ಸಂಬಳ ನಿಂತ ಮೇಲೆ ಲೋಟ ತೊಳೆಯುವವನನ್ನು ಕಳಿಸಿದ್ದನಂತೆ. ಆ ಲೋಟದವನು ನಮ್ಮೂರ ಪಕ್ಕದವನೇ. ಕೇಳಿದರೆ, "ನಾನೇ ಬಿಟ್ಟೆ ಕಣಣ್ಣ" ಅಂದಿದ್ದ. ಹೋಟೆಲಿಗೆ ಹಾಲು ಹಾಕುವವನು ಇನ್ನು ಯಾವಾಗ ತ್ಯಾಗ ಮಾಡುತ್ತಾನೋ. ಒಂದು ಲೈನು ಆರಿಸಿದರೆ ಎಷ್ಟು ಒಲೆ ಆರುತ್ತದೆ ಅಂತ ಆ ಬೆಂಚು ನೋಡಿದಾಗ ಅನ್ನಿಸಿತು. ನಮಗೆ ಅರ್ಧ ಸಂಬಳವಾದರೂ ಬರುತ್ತಿದ್ದರೆ ಇವನ ಅರ್ಧ ಬೆಂಚಾದರೂ ನೆಲದ ಮೇಲಿರುತ್ತಿತ್ತು.

ಆಫೀಸಿನಲ್ಲಿ ಕೂತಿದ್ದ ಅಧಿಕಾರಿಗೆ ಸಕ್ಕರೆ ಇಲ್ಲದ ಟೀ, ಉಪ್ಪಿಲ್ಲದ ಮುಖ. ಕಂಪ್ಯೂಟರಿನಲ್ಲಿ ನನ್ನನ್ನು ಹುಡುಕಿ ತೆಗೆದರು.

"ನೀನು ಸಾಕ್ಷಿನಾ? ನೀನೇ ಸ್ವಂತ ಇಚ್ಛೆಯಿಂದ ಬಿಟ್ಟಿದ್ದೀಯ ಅಂತಿದೆ ಇಲ್ಲಿ. ಬಿಟ್ಟು ಹೋದವನಿಗೆ ಲೈನು ಮುಚ್ಚಿದ್ದು ಹೇಗೆ ಗೊತ್ತು?"

"ಬಿಟ್ಟಿಲ್ಲ ಸಾ. ಬಿಟ್ಟೆ ಅಂತ ಬರೆದೆ. ನಮ್ ಕಡೆ ಎರಡೂ ಒಂದೇ."

"ಮ್ಯಾನೇಜರ್ ಏನು ಹೇಳಿದ್ರು ಅವತ್ತು?"

ಕೇಳಬಾರದ್ದನ್ನು ಕೇಳಿದರು. ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ. ಆರ್ಡರ್ ಇಲ್ಲ ಅನ್ನುವುದರಿಂದ ಗೌರವವಾಗಿ ಹೋಗಿ ಅನ್ನುವವರೆಗೆ ಒಂದು ಅಕ್ಷರ ಬಿಡದೆ ಒಪ್ಪಿಸಿದೆ. ಪಕ್ಕದ ಮೇಜಿನವರು ಪೆನ್ನು ಕೆಳಗಿಟ್ಟರು. ಅಧಿಕಾರಿ ಆ ಮ್ಯಾನೇಜರನ್ನು ಮೀಟಿಂಗಿನಲ್ಲಿ ಕಂಡಿದ್ದರು ಅಂತ ಕಾಣುತ್ತೆ, ಟೀ ಮೂಗಿಗೆ ಹೋಯಿತು. ಒರೆಸಿಕೊಂಡು, "ಅವರೇ ಕಣಯ್ಯ, ಸಾಕ್ಷಾತ್ ಅವರೇ. ಆದರೆ ಇದನ್ನ ಫೈಲಿಗೆ ಹೇಗೆ ಹೊಲೀಲಿ ನಾನು? ಬರ್ಕೊಡು," ಅಂದರು.

ಬರೆಯುವುದು ಕಷ್ಟವಾಯಿತು. ಮೂರು ಸಲ 'ಬಿಟ್ಟ ಮೇಲೆ' ಅಂತ ಬರೆದು ಹೊಡೆದುಹಾಕಿದೆ. ಕಾಲರ್ ಅಕ್ಕ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು. "ತಗುದ್ರು ಅಂತ ಬರಿ ಕಣ್ಲಾ. ತ, ಗು, ದ್ರು. ಕೈ ಬಿದ್ದೋಯ್ತದಾ?" ಕೊನೆಗೆ ಬರೆದೆ: ನನ್ನನ್ನೂ ಇವರೆಲ್ಲರನ್ನೂ ಕೆಲಸದಿಂದ ತೆಗೆದರು. ಓದಿ ನೋಡಿದರೆ ಬೇರೆ ಯಾರದೋ ವಿಷಯ ಅನ್ನಿಸಿತು.

"ಹಾಗಾದ್ರೆ ನನಗೂ ಬರ್ತದಾ ಸಾ?" ಅಂತ ಹಲ್ಲು ಕಿರಿದೆ.

"ನೀನು ಸಹಿ ಹಾಕಿದ್ದೀಯಲ್ಲಪ್ಪ. ಬಲವಂತ ಮಾಡಿದ್ರು ಅಂತ ನೀನೇ ಬೇರೆ ಅರ್ಜಿ ಹಾಕಿ ಹೋರಾಡಬೇಕು. ಗೆರೆ ಬೇರೆ ಎಳೆದಿದ್ದೀಯ, ಬಲವಂತ ಅಂತ ಯಾರು ನಂಬ್ತಾರೆ?" ಆಮೇಲೆ ಸ್ವಲ್ಪ ಮೆತ್ತಗಾಗಿ ಹೇಳಿದರು. "ಇದೇನು ದಾನ ಅಲ್ಲ. ನೀವೇ ತಿಂಗಳು ತಿಂಗಳೂ ಕಟ್ಟಿದ ದುಡ್ಡು. ಬೇಕಾದಾಗ ನನ್ನದು ಅಂತ ಕೇಳೋಕೆ ನಿಮಗೆ ನಾಚಿಕೆ. ಪರಿಹಾರ ಕೊಡ್ಬೇಕಾಗ್ತದೆ ಅಂತ ಸುಳ್ಳು ಬರ್ಕೊಳ್ಳೋಕೆ ಆ ಫ್ಯಾಕ್ಟರಿಯವರಿಗೆ ನಾಚಿಕೆ ಇಲ್ಲ."

ಕೆಲವು ವಾರ ಎಳೆದಾಡಿ ಆ ಸಾಲಿನವರ ಬ್ಯಾಂಕಿಗೆ ಹಣ ಬಂತು. ಸುದ್ದಿ ತಂದು ಮಾವನಿಗೆ ಮುಟ್ಟಿಸಿದ ಪುಣ್ಯಾತ್ಮ ನಾನಲ್ಲ, ಆದರೆ ಆ ಹೊತ್ತಿಗೆ ಶೆಡ್ಡಿನಲ್ಲಿ ನಿಂತಿದ್ದೆ. ಮುಖ ನೋಡುವ ಆಸೆ ತೀರಿತು.

"ಸಾಕ್ಷಿ ಏಳಾಕೆ ನೀನ್ ಓಗಿದ್ದೇನ್ಲಾ? ಮನೇಲಿ ಉಂಡು ಮನೆ ಗಳ ಇರಿಯೋನೇ! ಸಿಪ್ಪೆ ಬೆಟ್ಟದಂಗೆ ಬಿದ್ದೈತೆ, ಗಟ್ಟಿ ಕೈ ಬೇಕು ಅಂತ ನಾನು ಬಡ್ಕತಾ ಇವ್ನಿ, ಇವನು ಆಳುಗಳ್ನ ಕೂರ್ಸಿ ಉಣ್ಸಾಕೆ ಓಗವ್ನೆ."

ಗೇಟಿಗೆ ಮೊದಲು ನುಗ್ಗಿದವರಲ್ಲಿ ಅರ್ಧ ಜನ ದೂಳಿಗೆ ಕೆಮ್ಮು ಹತ್ತಿ ಆಗಲೇ ಹೋಗಿದ್ದರು. ಮಳೆ ಬರುವ ಮುಂಚೆ ನಾರು ಒಣಗಿಸಬೇಕಿತ್ತು. ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೆಯ ದಿನ ಮಾವ ನನ್ನನ್ನೇ ಕಳಿಸಿದ: "ಓಗು, ಆ ಸಾಲಿನೋರ್ನ ಕರ್ಕಂಡು ಬಾ. ಬಂದೋರಿಗೆ ದಿನಾ ಮಧ್ಯಾಹ್ನ ಊಟನೂ ಕೊಡ್ತೀನಿ ಅನ್ನು."

ಕಾಲರ್ ಅಕ್ಕ ಬಾಗಿಲಲ್ಲೇ ನಿಲ್ಲಿಸಿ ಉತ್ತರ ಕೊಟ್ಟಳು. ವಾಪಸ್ ಬಂದೆ. ಅಂಗಳದಲ್ಲಿ ನಾರು ಹರಡುತ್ತಿದ್ದವರೆಲ್ಲ ಇದ್ದರು.

"ಏನಂದ್ಲಾ?"

"ಅವಳ ಮಾತಲ್ಲೇ ಹೇಳ್ಲಾ ಮಾವ?"

"ಏಳು."

ಸೊಂಟಕ್ಕೆ ಕೈ ಇಟ್ಟು, ಅರಕಲಗೂಡಿನ ದನಿ ತೆಗೆದು ಶುರುಮಾಡಿದೆ. "ನಿಮ್ ಮಾವಂಗೆ ಏಳು, ಕೂಲಿ ಇಳುಸ್ದಾಗ ನಮ್ನ ಕೇಳಿದ್ನಾ? ಈಗ ಊಟದ ಆಸೆ ತೋರ್ಸಾಕೆ ನಾವೇನು ಅವನ ಮನೆ ಕರುವಾ? ಇಳುಸ್ದಷ್ಟನ್ನ ಮೊದ್ಲು ಏರ್ಸು ಅನ್ನು, ಬಾಯಿಗೆ ಬಟ್ಟೆ ಕೊಡು ಅನ್ನು, ಆಮೇಲೆ ಯಾರು ಬತ್ತಾರೆ ನೋಡಾನ. ನಾವಂತೂ ಬರಲ್ಲ. ಬರ್ದೇ ಇದ್ರೂ ನಮ್ ಒಲೆ ಉರೀತದೆ ಅನ್ನು." ಬಟ್ಟೆಯ ವಿಷಯ ಅವಳು ಹೇಳಿದ್ದಲ್ಲ, ನಾನು ಸೇರಿಸಿದ್ದು. ಒಬ್ಬರ ದನಿಯಲ್ಲಿ ಮಾತಾಡುವಾಗ ಇಂಥ ಸಣ್ಣ ಅನುಕೂಲ ಇರುತ್ತದೆ.

ಅಂಗಳದಲ್ಲಿ ಯಾರೂ ನಗಲಿಲ್ಲ. ನಾರು ಹರಡುವ ಕೈಗಳು ನಿಂತಿದ್ದವು. ಎಲ್ಲರೂ ಮಾವನನ್ನೇ ನೋಡುತ್ತಿದ್ದರು. ಮಾವ ಆ ಕಣ್ಣುಗಳನ್ನು ನೋಡಿದ, ಸಿಪ್ಪೆಯ ಬೆಟ್ಟ ನೋಡಿದ, ಮೋಡ ನೋಡಿದ, ಕೊನೆಗೆ ನನ್ನನ್ನು ಕೊಲ್ಲುವ ಹಾಗೆ ನೋಡಿದ. ಮಾರನೆಯ ದಿನ ಕೂಲಿ ಮೊದಲಿನ ಮಟ್ಟಕ್ಕೆ ಏರಿತು. ಬಾಯಿಗೆ ಕಟ್ಟಿಕೊಳ್ಳಲು ಹಳೇ ಪಂಚೆ ಹರಿದು ಕೊಟ್ಟ. ಜೊತೆಗೆ ಸರ್ಕಾರದ ಏಳು ತಲೆಮಾರಿಗೂ ಮಂಗಳಾರತಿ ಮಾಡಿದ.

ಏರಿದ ಕೂಲಿ ನನ್ನ ಕೈಗೂ ಬಂತು. ಮುಯ್ಯಾಳಿಗೆ ಒಬ್ಬರನ್ನೊಬ್ಬರು ಸಹಿಸಿಕೊಳ್ಳಬೇಕು, ಮುಯ್ಯಿ ತೀರಿಸದವನನ್ನು ಮುಂದಿನ ಸಲ ಯಾರೂ ಕರೆಯುವುದಿಲ್ಲ. ಈ ವಿಮೆಗೆ ಅಂಥ ಯಾವ ಪ್ರೀತಿಯೂ ಬೇಕಿಲ್ಲ. ನನ್ನನ್ನು ಕಂಡರಾಗದವಳು ತನ್ನ ಮನೆಯಲ್ಲಿ ಕೂತು 'ಬರಲ್ಲ' ಅಂದರೂ ಇಲ್ಲಿ ನನಗೆ ಕೂಲಿ ಏರುತ್ತದೆ. ಇಷ್ಟು ಚೆನ್ನಾಗಿ ಕೆಲಸ ಮಾಡುವ ಒಂದು ಸಂಗತಿಯನ್ನು ಸೋಮಾರಿತನ ಅಂದವನ ಶೆಡ್ಡಿನಲ್ಲೇ ನಿಂತು ಇದನ್ನು ಕಲಿತೆ. ಕೆಮ್ಮುತ್ತಾ ಕಲಿತೆ.

ಮಳೆ ಶುರುವಾದ ಮೇಲೆ ಒಂದು ದಿನ, ಏನೇ ಆಗಲಿ ಒಂದು ಮಾತು ಹೇಳೋಣ ಅಂತ ಅವಳಿಗೆ ಫೋನ್ ಮಾಡಿದೆ.

"ಯಾವನು?"

"ನಾನಕ್ಕ. ನಿಮ್ಮಿಂದ ನಮ್ ಶೆಡ್ಡಲ್ಲಿ ಕೂಲಿ ಜಾಸ್ತಿ ಆಯ್ತು. ಅದಕ್ಕೇ..."

"ನಿಂಗೆ ಕೂಲಿ ಏರ್ಲಿ ಅಂತ ನಾನೇನು ಮನೇಲಿ ಕೂತಿದ್ನಾ? ಇಡ್ಲಾ, ಕೆಲಸದಾಗೆ ಇವ್ನಿ. ಸೂಪರ್‌ವೈಸರ್ ನೋಡ್ತಾವ್ನೆ."

ಅವಳ ದನಿಯ ಹಿಂದೆ ಒಂದಿಡೀ ಲೈನಿನ ಮಿಷನ್‌ಗಳು ಓಡುತ್ತಿದ್ದವು.